ಎಡೆಗಿಟ್ಟ ಬೆಂಕಿಪೊಟ್ಟಣ

ಆ ಕಾಲದಲ್ಲಿ ನಮ್ಮೂರಿನ ಜನ ಒಂದು ಬೆಂಕಿಪೊಟ್ಟಣ ಕೊಳ್ಳಬೇಕಾದರೂ ಅತ್ತಿತ್ತ ನೋಡಿ ಕೊಳ್ಳುತ್ತಿದ್ದರು. ನಗಬೇಡಿ. ಹನೂರಿನ ಆಚೆ ಕಾಡಿನಂಚಿನಲ್ಲಿ ಬೆಳೆದ ನನ್ನ ವಯಸ್ಸಿನವರು ಯಾರೂ ಇದಕ್ಕೆ ನಗುವುದಿಲ್ಲ. ಕಾಡಿನೊಳಗೆ ಬಂದೂಕು ಹಿಡಿದ ಒಂದು ತಂಡ ಅಡಗಿತ್ತು. ಅವರನ್ನು ಹಿಡಿಯಲು ಬಂದ ಪೊಲೀಸರು ನಮ್ಮ ಶಾಲೆಯಲ್ಲೇ ಬೀಡುಬಿಟ್ಟಿದ್ದರು. ಒಳಗಿದ್ದವರು ನಮ್ಮ ಬಾಯಲ್ಲಿ 'ಕಾಡಿನವರು', ಶಾಲೆಯಲ್ಲಿದ್ದವರು 'ಕ್ಯಾಂಪಿನವರು'. ಹೆಸರು ಹಿಡಿದು ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ.

ಮೊದಮೊದಲು ನಮಗೆ ಅದೊಂದು ಸಂಭ್ರಮ. ಜೀಪು, ವೈರ್‌ಲೆಸ್ಸು, ಸಾಲಾಗಿ ನಿಂತ ಬೂಟುಗಳು! ಶಾಲೆ ಹೊಂಗೆ ಮರದ ಕೆಳಕ್ಕೆ ಬಂದಿತ್ತು, ಪಾಠ ಯಾರಿಗೆ ಬೇಕಿತ್ತು? ಊರಿನ ಹೆಂಗಸರು ಕ್ಯಾಂಪಿಗೆ ಹಾಲು, ಮಜ್ಜಿಗೆ ಕಳಿಸುತ್ತಿದ್ದರು. ನಮ್ಮವ್ವ ಹಸಿ ಕಡಲೆಕಾಯಿಯನ್ನು ಉಪ್ಪು ಹಾಕಿ ಬೇಯಿಸಿ, ಆ ಬಿಸಿ ಆವಿಯ ಘಮ ಕೇರಿಗೆಲ್ಲ ಹರಡುವಂತೆ ಮಂಕರಿಯಲ್ಲಿ ತುಂಬಿ ಕೊಡುತ್ತಿದ್ದಳು. "ದೀಪಾವಳಿ ಒಳ್ಗೆ ಇಡ್ದಾಕ್ತರೆ, ನೋಡ್ತಿರಿ" ಎಂದು ಪಕ್ಕದ ಮನೆಯ ಬಸವಣ್ಣ ಮಾವ ಜಗಲಿ ಮೇಲೆ ಕೂತು ಹೇಳುತ್ತಿದ್ದ. ಅಪ್ಪನೂ ಅವನೂ ಒಂದೇ ಬೀಡಿಯನ್ನು ಹಂಚಿಕೊಂಡು ಸೇದುವಷ್ಟು ಗೆಳೆಯರು.

ಅವನ ಮಗ ನಾಗ ನಮ್ಮ ಆಟದ ಮುಖಂಡ. ಜೋಳದ ದಂಟಿನ ಬಂದೂಕು, ಹೊಂಗೆಕಾಯಿಯ ಗುಂಡು. ಎಲ್ಲರೂ ಕ್ಯಾಂಪಿನವರಾಗಬೇಕು ಎಂದು ಕಿತ್ತಾಡಿ, ಕೊನೆಗೆ ಅಳುಮುಂಜಿಯಾದ ನನ್ನನ್ನೇ ಕಾಡಿನವಳನ್ನಾಗಿ ಮಾಡಿ ಅಟ್ಟಾಡಿಸುತ್ತಿದ್ದರು.

ದೀಪಾವಳಿ ಬಂತು, ಹೋಯಿತು. ಇನ್ನೊಂದೂ ಬಂತು. ಕಾಡಿನವರು ಸಿಗಲಿಲ್ಲ. ಕೊಳ್ಳೇಗಾಲದಿಂದ ಬರುತ್ತಿದ್ದ ಕ್ಯಾಂಪಿನ ಸಾಮಾನು ಗಾಡಿ ತಡವಾಗತೊಡಗಿತು. ಮಳೆಯಾದರೆ ಹಳ್ಳ ತುಂಬಿ ಬರುತ್ತಲೇ ಇರಲಿಲ್ಲ. ಪೊಲೀಸರ ಬೂಟುಗಳು ಬಾಯಿಬಿಟ್ಟವು, ಕೆಲವರು ಸುತ್ತಲೂ ದಾರ ಕಟ್ಟಿಕೊಂಡು ಓಡಾಡುತ್ತಿದ್ದರು. ಊರಿನ ಹಾಲು ನಿಂತಿತು. ಅಕ್ಕಿ, ಬೀಡಿ, ಬೆಂಕಿಪೊಟ್ಟಣ, ಟಾರ್ಚಿನ ಸೆಲ್ಲು, ಇವನ್ನು ಯಾರು ಹೆಚ್ಚಿಗೆ ಕೊಂಡರೂ ಅಂಗಡಿಯವನು ಕ್ಯಾಂಪಿಗೆ ಹೇಳಬೇಕೆಂದು ಕಟ್ಟಪ್ಪಣೆಯಾಯಿತು. ಹೆಚ್ಚಿಗೆ ಕೊಂಡವರು ಕಾಡಿಗೆ ಸಾಗಿಸುತ್ತಾರೆ ಅನ್ನುವ ಗುಮಾನಿ. ನೆಂಟರು ಬಂದರೆ ಅನ್ನಕ್ಕಿಡಲೂ ಅವ್ವನಿಗೆ ಭಯ. ಆಟದಲ್ಲೂ ಈಗ ಯಾರೂ ಕ್ಯಾಂಪಿನವರಾಗಲು ಒಪ್ಪುತ್ತಿರಲಿಲ್ಲ. ಕಾಡಿನವರಾಗಲೂ ಒಪ್ಪುತ್ತಿರಲಿಲ್ಲ. ಒಂದು ದಿನ ನಾಗ ದಂಟಿನ ಬಂದೂಕನ್ನು ಮುರಿದು ಹಸುವಿಗೆ ಹಾಕಿದ. "ಅಪ್ಪ ಬೈತದೆ ಕಣಮ್ಮಿ, ಈ ಆಟ ಬ್ಯಾಡ" ಎಂದ. ಅಲ್ಲಿಗೆ ನಮ್ಮ ಆಟ ಮುಗಿಯಿತು.

ಕ್ಯಾಂಪಿನಲ್ಲಿ ಮಲ್ಲಪ್ಪ ಎಂಬ ಹುಡುಗ ವಯಸ್ಸಿನ ಪೇದೆಯೊಬ್ಬನಿದ್ದ. ಗದಗಿನ ಕಡೆಯವನು. ಅವನ ಮಾತು ಕೇಳಿ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು, ಅವನು ನಮ್ಮ ಮಾತಿಗೆ ನಗುತ್ತಿದ್ದ. ನಮ್ಮ ಹೊಲದ ಬದುವಿನ ಮೇಲೆ ಹಾಯುವಾಗ ಅಜ್ಜಿಯನ್ನು "ಆರಾಮ ಅದಿಯೇನಬೇ?" ಎಂದು ಕೇಳುತ್ತಿದ್ದ. ಅಜ್ಜಿ ಅವನ ಕಿಸೆಗೆ ಕಡಲೆಕಾಯಿ ತುಂಬುತ್ತಿದ್ದಳು. ಊರೆಲ್ಲ ಕ್ಯಾಂಪಿನ ಕಡೆ ಮುಖ ತಿರುಗಿಸಿದ ಮೇಲೂ ತುಂಬುತ್ತಿದ್ದಳು. "ಅವ್ವುನ್ ಬುಟ್ಟು ಬಂದವ್ನೆ, ತಿನ್ಲಿ" ಎನ್ನುತ್ತಿದ್ದಳು. ಅದಕ್ಕೂ ಕೇರಿಯಲ್ಲಿ ಮಾತಾಯಿತು.

ಆ ಸಲದ ಮಾಲಯ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದೆಲ್ಲ ಬಾಳೆಲೆ ಮೇಲೆ ಇರಬೇಕು. ಮನೆಯೊಳಗೆ ಪೂಜೆಯಾದ ಮೇಲೆ ಒಂದೆಲೆಯನ್ನು ಸಮಾಧಿಯ ಹತ್ತಿರ ಇಟ್ಟು, ತಿರುಗಿ ನೋಡದೆ ಬರಬೇಕು. ನಮ್ಮ ತಾತನ ಸಮಾಧಿ ಹೊಲದ ಕೊನೆಯಲ್ಲಿ, ಹುಣಸೆ ಮರದ ಕೆಳಗೆ. ಅಲ್ಲಿಂದಾಚೆ ಕಾಡು.

ಅವ್ವ ರಾಗಿ ಹಿಟ್ಟು ತೊಳಸಿ ಮುದ್ದೆ ಕಟ್ಟಿದಳು, ಕೋಳಿ ಸಾರು ಮಾಡಿದಳು, ಒಬ್ಬಟ್ಟು ಬೇಯಿಸಿದಳು. ಅಜ್ಜಿ ಎಲೆಯ ತುದಿಗೆ ಒಂದು ಕಟ್ಟು ಬೀಡಿ ಇಟ್ಟಳು, ಪಕ್ಕದಲ್ಲಿ ಬೆಂಕಿಪೊಟ್ಟಣ.

"ಅವ್ವ, ಅದ ಬ್ಯಾಡ ಈ ಸಲ" ಎಂದು ಅಪ್ಪ ಮೆಲ್ಲಗೆ ಹೇಳಿದ.

"ಯಾಕ್ಲಾ? ಬೀಡಿ ಇಟ್ಬುಟ್ಟು ಬೆಂಕಿ ಇಡ್ದೆ ಬಂದ್ರೆ ನಿಮ್ಮಪ್ಪ ಯಾರ್ ಮನೆ ಬಾಗ್ಲಿಗೆ ಓದಾನು ಬೆಂಕಿ ಕೇಳಕೆ?"

ಅಪ್ಪ ಎಲೆ ಎತ್ತಿಕೊಂಡ. ಸಂಜೆಗೆ ಮುಂಚೆ ಅವನು, ಅಜ್ಜಿ, ನಾನು ಮೂವರೂ ಹೋಗಿ ಇಟ್ಟು ಬಂದೆವು. ತಿರುಗಿ ನೋಡಬಾರದೆಂದರೆ ಕುತ್ತಿಗೆ ಕೇಳುತ್ತದೆಯೇ? ನಾನು ನೋಡಿದೆ. ಹುಣಸೆ ಮರದ ಹಿಂದೆ ಗಿಡಗಳು ಅಲುಗಿದಂತಾಯಿತು. ತಾತನೇ ಬಂದನೆಂದುಕೊಂಡು ಅಜ್ಜಿಯ ಸೆರಗು ಹಿಡಿದು ಓಡಿದೆ.

ಮಾರನೆಯ ಬೆಳಿಗ್ಗೆ ಅಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದ. ಕ್ಯಾಂಪಿನವರು ಬಂದು ಅವನನ್ನು ಕರೆದುಕೊಂಡು ಹೋದರು. ಕೈಯಲ್ಲಿದ್ದ ಹುಲ್ಲನ್ನು ಕೆಳಗಿಡಲೂ ಬಿಡಲಿಲ್ಲ. ಹಾಗೆ ಹೋದ ಕೆಲವರು ವರ್ಷಗಟ್ಟಲೆ ಮನೆಗೆ ಬಂದಿರಲಿಲ್ಲ. ನನಗೂ ಅದು ಗೊತ್ತಿತ್ತು. ಅವ್ವ ಹೊಸ್ತಿಲ ಮೇಲೆ ಕುಸಿದು ಕೂತುಬಿಟ್ಟಳು. ಅಜ್ಜಿ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಶಾಲೆಯ ಕಡೆ ನಡೆದಳು.

ನಾನು ಒಂದನೇ ಕ್ಲಾಸಿನಲ್ಲಿ ಅಕ್ಷರ ತಿದ್ದಿದ ಕೋಣೆಯಲ್ಲೇ ಅಪ್ಪ ನೆಲದ ಮೇಲೆ ಕೂತಿದ್ದ. ಮೇಜಿನ ಮೇಲೆ, ಗಸ್ತಿನವರು ಹುಣಸೆ ಮರದ ಕೆಳಗಿಂದ ಎತ್ತಿಕೊಂಡು ಬಂದ ನಮ್ಮ ಬಾಳೆಲೆ. ಖಾಲಿ. ಕೋಳಿ ಮೂಳೆ ಮಾತ್ರ ಉಳಿದಿತ್ತು. ಊರಿನ ಗಂಡಸರನ್ನೆಲ್ಲ ಅಂಗಳಕ್ಕೆ ಕರೆಸಿದ್ದರು. ಕ್ಯಾಂಪಿನ ದೊಡ್ಡ ಸಾಹೇಬರು ಬಾಗಿಲಲ್ಲಿ ನಿಂತು ಅಜ್ಜಿಯನ್ನು ಕೇಳಿದರು.

"ಯಾರಿಗಮ್ಮ ಇಟ್ಟಿದ್ದು ಈ ಊಟ?"

"ನನ್ ಗಂಡುಂಗೆ ಸಾ."

"ಎಲ್ಲಿದ್ದಾನೆ ನಿನ್ನ ಗಂಡ?"

"ಅಲ್ಲೇ, ಉಣ್ಸೆ ಮರದ್ ಕೆಳ್ಗೆ ಮನ್ಗವ್ನೆ."

ಸಾಹೇಬರ ಮುಖ ಬಿಗಿಯಿತು. ಅಪ್ಪ ಒಳಗಿಂದಲೇ "ಸತ್ತೋಗವ್ರೆ ಸಾ, ಎಡೆ ಕಣ್ಸಾ ಅದು" ಎಂದು ಕೂಗಿದ.

"ಊಟವನ್ನು ಕಾಗೆ ನಾಯಿ ತಿಂದವು ಅನ್ನೋಣ. ಬೀಡಿ ಕಟ್ಟು, ಬೆಂಕಿಪೊಟ್ಟಣ ಇಟ್ಟಿದ್ದೆ ಅಂತ ನೀನೇ ಒಪ್ಪಿಕೊಂಡೆಯಲ್ಲ? ಅದನ್ನೂ ಕಾಗೆ ಒಯ್ತಾ?" ಸಾಹೇಬರು ಅಂಗಳದ ಕಡೆ ತಿರುಗಿದರು. "ಇಂಥ ಪದ್ಧತಿ ನಿಮ್ಮೂರಿನಲ್ಲಿ ಇದೆಯಾ? ಇನ್ಯಾರಾದರೂ ಹೀಗೆ ಬೀಡಿ, ಬೆಂಕಿಪೊಟ್ಟಣ ಇಡ್ತೀರಾ?"

ಇಡುತ್ತಿದ್ದರು. ಪ್ರತಿ ಮನೆಯವರೂ ಇಡುತ್ತಿದ್ದರು! ಬಸವಣ್ಣ ಮಾವ ಹಿಂದಿನ ವರ್ಷ ಅವನಪ್ಪನಿಗೆ ಹೆಂಡದ ಶೀಶೆಯನ್ನೇ ಇಟ್ಟಿದ್ದ, ನಾನೇ ಕಣ್ಣಾರೆ ನೋಡಿದ್ದೆ. ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದಳು. ಒಬ್ಬನು ಟವೆಲ್ಲು ಸರಿಮಾಡಿಕೊಂಡ. ಇನ್ನೊಬ್ಬ ಕೆಮ್ಮಿದ.

"ಲೇ ಬಸವಣ್ಣ, ನೀನಾದ್ರೂ ಯೋಳ್ಲಾ" ಎಂದಳು ಅಜ್ಜಿ.

ಬಸವಣ್ಣ ಮಾವ ನೆಲ ನೋಡಿದ. "ನಂಗೊತ್ತಿಲ್ಲ ಸಾ" ಎಂದ.

ಅಪ್ಪ ಬಾಗಿಲ ಕಡೆ ತಲೆಯೆತ್ತಿ ಗೆಳೆಯನನ್ನು ನೋಡಿದ. ಹೊರಗೆ ಜೀಪು ಸ್ಟಾರ್ಟ್ ಆಯಿತು. ಅಪ್ಪನನ್ನು ಎಬ್ಬಿಸಿ ನಿಲ್ಲಿಸಿದರು.

ಆಗ ಪಹರೆಯ ಸಾಲಿನಿಂದ ಮಲ್ಲಪ್ಪ ಮುಂದೆ ಬಂದ. ಸೆಲ್ಯೂಟ್ ಹೊಡೆದ.

"ನಾ ತಿಂದೇನ್ರೀ ಸರ."

"ಏನು?"

"ಗಾಡಿ ಬಂದಿದ್ದಿಲ್ರಿ. ಬರೇ ಗಂಜಿ ಕುಡದು ಕುಡದು ಸಾಕಾಗಿತ್ರಿ. ಗಸ್ತಿನ್ಯಾಗ ಇದ್ದೆ, ಹೋಳಿಗಿ ವಾಸನಿ ಬಂತ್ರಿ. ಹೊಟ್ಟಿ ಕೇಳ್ಲಿಲ್ರಿ ಸರ." ಕಿಸೆಯಿಂದ ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಅರ್ಧ ಮುಗಿದ ಬೀಡಿ ಕಟ್ಟನ್ನೂ ಇಟ್ಟ. "ನಮ್ಮೂರಾಗೂ ಹಿರ್ಯಾರಿಗೆ ಹಿಂಗ ಇಡ್ತಾರ್ರೀ."

ಸಾಹೇಬರು ಆ ಪೊಟ್ಟಣವನ್ನು ಎತ್ತಿ ತಿರುಗಿಸಿ ನೋಡಿದರು. ಆಮೇಲೆ ಅಪ್ಪನಿಗೆ "ಹೋಗು" ಎಂದರು. ಮಲ್ಲಪ್ಪನಿಗೆ ಏನೂ ಹೇಳಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಅವತ್ತೇ ಮಧ್ಯಾಹ್ನ ಮಲ್ಲಪ್ಪನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಎಲ್ಲಿಗೆಂದು ಯಾರೂ ಹೇಳಲಿಲ್ಲ, ಕೇಳುವ ಧೈರ್ಯವೂ ಯಾರಿಗಿತ್ತು? ಅಜ್ಜಿ ಬಹಳ ದಿನ ಅದನ್ನೇ ಹೇಳಿಕೊಂಡು ಕೊರಗಿದಳು. "ಸತ್ತೋರ್ಗಿಟ್ಟದ್ದ ತಿಂದವ್ನೆ ಕೂಸೆ, ಅವನ್ಗೇನೂ ಆಗ್ದಿರ್ಲಪ್ಪ." ಮರುಕ್ಷಣವೇ ಸಿಟ್ಟು ಉಕ್ಕಿ ಬರುತ್ತಿತ್ತು. "ಈ ಊರ್ನಲ್ಲಿ ಇಷ್ಟೊಂದ್ ಬಾಯವೆ. ನಮ್ ಪರವಾಗಿ ಮಾತಾಡಕೆ ಎಲ್ಲಿಯೋ ಉಟ್ಟಿದ ಮಗ ಬರ್ಬೇಕಾಯ್ತಲ್ಲ!"

ಬಸವಣ್ಣ ಮಾವ ಒಂದು ಸಂಜೆ ನಮ್ಮ ಜಗಲಿಗೆ ಬಂದು ಕೂತ. ಅಪ್ಪ ಒಳಗಿನಿಂದ ಚಾಪೆ ತಂದು ಹಾಸಿದ, ನೀರು ಕೊಟ್ಟ, ಕ್ಷೇಮ ವಿಚಾರಿಸಿದ. ನೆಂಟರನ್ನು ವಿಚಾರಿಸುವಂತೆ. ಬೀಡಿ ಮಾತ್ರ ಹಚ್ಚಲಿಲ್ಲ. ಬಸವಣ್ಣ ಮಾವ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದ. ಅವನ ಕಣ್ಣಲ್ಲಿ ನೀರಿತ್ತು.

ಮುಂದಿನ ವರ್ಷ ಊರಿನಲ್ಲಿ ಯಾರೂ ಸಮಾಧಿಗೆ ಎಲೆ ಒಯ್ಯಲಿಲ್ಲ. ಎಲ್ಲರೂ ಕದ ಮುಚ್ಚಿಕೊಂಡು ಒಳಗೇ ಎಡೆ ಇಟ್ಟರು.

ಕಾಡಿನವರ ಕತೆ ಕೊನೆಗೂ ಒಂದು ದಿನ ಮುಗಿಯಿತು. ಕ್ಯಾಂಪು ಎತ್ತಿದರು. ಶಾಲೆಗೆ ಸುಣ್ಣ ಹೊಡೆದರು. ಈಗ ಟಿವಿ ಹಾಕಿದರೆ ಎಲ್ಲೋ ದೂರದ ದೇಶಗಳಲ್ಲಿ ವರ್ಷಗಟ್ಟಲೆ ನಡೆಯುತ್ತಿರುವ ಯುದ್ಧ. ಯಾರ ಬಳಿ ಎಷ್ಟು ಮದ್ದುಗುಂಡು ಉಳಿದಿದೆ, ಯಾರು ಯಾರ ಕೈಬಿಟ್ಟರು ಎಂದು ಕೋಟು ಹಾಕಿದವರು ಜಗಳಾಡುತ್ತಾರೆ. ನನಗೆ ಆ ದಾರ ಕಟ್ಟಿದ ಬೂಟು ಕಾಣುತ್ತದೆ, ನೆಲ ನೋಡುತ್ತಿದ್ದ ಬಸವಣ್ಣ ಮಾವ ಕಾಣುತ್ತಾನೆ. ಟಿವಿ ಆರಿಸಿಬಿಡುತ್ತೇನೆ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಅಪ್ಪ ಹೋಗಿದ್ದು ಮೊನ್ನೆ ಮೊನ್ನೆ, ತಾತನ ಪಕ್ಕದಲ್ಲೇ ಮಲಗಿದ್ದಾನೆ. ಈ ಸಲದ ಮಾಲಯಕ್ಕೆ ಊರಿಗೆ ಹೋಗಿದ್ದೆ. ಎಲೆಯನ್ನು ಹುಣಸೆ ಮರದ ಕೆಳಕ್ಕೇ ಒಯ್ಯುತ್ತೇನೆಂದು ಹಟ ಹಿಡಿದೆ. ಹಿಟ್ಟು, ಕೋಳಿ ಸಾರು, ಒಬ್ಬಟ್ಟು, ಒಂದು ಕಟ್ಟು ಬೀಡಿ. ಮಲ್ಲಪ್ಪನ ಹೆಸರಿನಲ್ಲೂ ಒಂದೆಲೆ ಇಡೋಣವೆನಿಸಿತು. ಆದರೆ ಬದುಕಿರುವವರಿಗೆ ಎಡೆ ಇಡಬಾರದು. ಅವನು ಇದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ.

ಮನೆಯಿಂದ ಹೊರಡುವಾಗ ಬೆಂಕಿಪೊಟ್ಟಣ ತೆಗೆದುಕೊಳ್ಳಲು ಹೋದೆ. ಅವ್ವ ಬಂದು ಗಟ್ಟಿಯಾಗಿ ನನ್ನ ಕೈ ಹಿಡಿದುಕೊಂಡಳು.

"ಅದೊಂದ್ ಬ್ಯಾಡ ಕೂಸೆ" ಎಂದಳು.

ಅಪ್ಪನಿಗೆ ಬೆಂಕಿಯಿಲ್ಲದ ಬೀಡಿ ಇಟ್ಟು, ಈ ಸಲ ತಿರುಗಿ ನೋಡದೆ ಬಂದೆ.