ಕಂಪ್ಯೂಟರಿಗೊಂದು ಕೌದಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ತವರಿನಲ್ಲಿ ಹೇಳುತ್ತಿದ್ದರು, ಅತ್ತೆಯ ಮನೆಯಲ್ಲೂ ಹೇಳುತ್ತಾರೆ. ಎರಡೂ ಮನೆಯವರು ಜಗಳವಿಲ್ಲದೆ ಒಪ್ಪಿದ ಮಾತು ಇದೊಂದೇ ಇರಬೇಕು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡದ ಕೆಲಗೇರಿ ಕಡೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕನ್ನಡ ಟೈಪ್‌ರೈಟರ್ ಇಟ್ಟುಕೊಂಡು ನಾನು ಪಿಎಚ್.ಡಿ. ಪ್ರಬಂಧಗಳನ್ನು ಟೈಪ್ ಮಾಡಿಕೊಡುತ್ತಿದ್ದೆ. ಧಾರವಾಡದಲ್ಲಿ ಕಲ್ಲು ಒಗೆದರೆ ಸಾಹಿತಿಯ ಮನೆಯ ಮೇಲೆ ಬೀಳುತ್ತದೆ ಅನ್ನುತ್ತಾರಲ್ಲ, ಅಲ್ಲಿ ಗುರಿ ತಪ್ಪಿದರೆ ಪಿಎಚ್.ಡಿ. ಮಾಡುವವರಿಗೆ ತಾಗುತ್ತಿತ್ತು. ಹಾಗಾಗಿ ಕೆಲಸಕ್ಕೆ ಬರವಿರಲಿಲ್ಲ. ಆದರೆ ಮನೆಯಲ್ಲಿ ಅದನ್ನು ಯಾರೂ ಕೆಲಸ ಎಂದು ಕರೆಯುತ್ತಿರಲಿಲ್ಲ. ಅಡುಗೆ, ಅರಿವೆ, ನೀರು, ಬಂದವರು ಹೋದವರು ಎಲ್ಲ ಮುಗಿದು ಉಳಿದ ಹೊತ್ತು ಮಾತ್ರ ನನ್ನದು.

ಒಂದು ದಿನ ನನ್ನ ಕಾಯಂ ಗಿರಾಕಿಯಾದ ಸಂಶೋಧಕನೊಬ್ಬ ಕೈಬರಹದ ಕಟ್ಟು ಹಿಡಿದುಕೊಂಡು ಬಾಗಿಲಲ್ಲೇ ನಿಂತ. "ಅಕ್ಕಾರ, ಟೈಪ್‌ರೈಟರಿನ್ಯಾಗ ಹೊಡದಿದ್ದು ಇನ್ನ ನಡ್ಯಂಗಿಲ್ಲಂತ ನಮ್ಮ ಗೈಡ್ ಹೇಳ್ಯಾರ್ರಿ. ಕಂಪ್ಯೂಟರ್ ಪ್ರಿಂಟ್ ಬೇಕಂತ." ಅವನ ಹಿಂದೆ ಇನ್ನುಳಿದವರೂ ಹೋಗುತ್ತಾರೆ ಎಂದು ನನಗೆ ಅಲ್ಲೇ ಗೊತ್ತಾಯಿತು. ಹೆದರಿಕೆಯಾಯಿತು. ಆದರೂ ಗಟ್ಟಿಯಾಗಿ, "ಕಟ್ಟು ಇಲ್ಲೇ ಇಟ್ಟು ಹೋಗ್ರಿ. ಕಂಪ್ಯೂಟರ್ ತರತೇನಿ," ಅಂದುಬಿಟ್ಟೆ.

ನಮ್ಮ ಮನೆಯವರು ನನ್ನನ್ನು ಹುಬ್ಬಳ್ಳಿಯ ಕೇಶ್ವಾಪುರದ ಒಂದು ಅಂಗಡಿಗೆ ಕರೆದುಕೊಂಡು ಹೋದರು. ಗುಡಿಯಂತೆ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಟೈ ಕಟ್ಟಿಕೊಂಡ ಮಾರಾಟಗಾರ ಗುಂಡಿ ಒತ್ತಿದ್ದೇ ತಡ, ಪರದೆಯ ತುಂಬ ಬಣ್ಣಬಣ್ಣದ ಮೀನುಗಳು ಈಜಾಡಿದವು. ಇವರು ಬಾಯಿ ತೆರೆದು, "ಖರೇ ನೀರಾಗ ಇದ್ದಂಗ ಐತಲ್ಲ! ತರೂದಾದ್ರ ಇಂಥಾದ್ದ ದೊಡ್ಡದು ತರಬೇಕು ನೋಡು," ಅಂದರು.

"ಮೀನು ತಗೊಂಡು ನಾ ಏನ್ ಮಾಡ್ಲಿ?" ಅಂದು ಮಾರಾಟಗಾರನ ಕಡೆ ತಿರುಗಿದೆ. "ಇದರಾಗ ಕನ್ನಡ ಒತ್ತಿ ತೋರಸ್ರಿ."

"ಕನ್ನಡ ಆಮ್ಯಾಲೆ ಹಾಕ್ಕೋಬಹುದ್ರಿ ಮೇಡಮ್. ಮೊದ್ಲ ಇದರ ಸ್ಪೀಡ್ ನೋಡ್ರಿ."

"ಕೀಲಿ ಮ್ಯಾಲ ಓಡೂದು ನನ್ನ ಬಟ್ಟು. ಅದರ ಸ್ಪೀಡ್ ನನಗ ಗೊತ್ತೈತಿ," ಅಂದವಳೇ ಹೊರಗೆ ಬಂದು ಚಪ್ಪಲಿ ಮೆಟ್ಟಿದೆ. ಇವರು ಮೀನುಗಳನ್ನು ಇನ್ನೊಮ್ಮೆ ನೋಡಿ ನನ್ನ ಹಿಂದೆ ಬಂದರು.

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತಾಗಿತ್ತು ನನ್ನ ಪಾಡು. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ನನ್ನ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ ಮಿಸ್ತ್ರಿ ಇದ್ದರು. ಎರಡು ವರ್ಷದಿಂದ ಅದೇ ಗೂಡಂಗಡಿಯಲ್ಲಿ ಕಂಪ್ಯೂಟರ್ ಬಿಚ್ಚಿ ಕಟ್ಟುವುದನ್ನೂ ಕಲಿತಿದ್ದರು. ಮರುವಾರ ಅವರ ಮುಂದೆ ಹೋಗಿ ಕುಳಿತೆ. ಅವರು ಯಾವ ಮಷೀನನ್ನೂ ತೋರಿಸಲಿಲ್ಲ. ಡಾಕ್ಟರರ ಹಾಗೆ ಪ್ರಶ್ನೆ ಕೇಳಿದರು.

"ದಿನಾ ಎಷ್ಟ ಪುಟ ಹೊಡೀತೀರಿ ಅಕ್ಕಾರ? ನಿಮ್ಮ ಕಡೆ ಕರೆಂಟ್ ಎಷ್ಟ ಸಲ ಹೋಗತೈತಿ? ಹಾಡು ಕೇಳ್ತೀರೇನು ಅದರಾಗ?"

"ಹಾಡು ಕೇಳಾಕ ರೇಡಿಯೋ ಐತ್ರಿ."

"ಹಂಗಾರ ಸ್ಪೀಕರ್ ಬಿಟ್ಟಬಿಡ್ರಿ. ಮಷೀನ್ ಸಾದಾ ಇರಲಿ. ಕೀಬೋರ್ಡ್ ಗಟ್ಟಿ ಇರಬೇಕು, ಯುಪಿಎಸ್ ಇರಬೇಕು, ಪ್ರಿಂಟರ್ ಛಲೋ ಇರಬೇಕು. ಗಿರಾಕಿ ಕೈಗೆ ಹೋಗೂದು ಕಾಗದ, ಡಬ್ಬಿ ಅಲ್ಲ."

ಎಷ್ಟೋ ದಿನದ ಮೇಲೆ ಒಬ್ಬರು ನನ್ನ ಕೆಲಸದ ಬಗ್ಗೆ ಕೇಳಿ, ಅದಕ್ಕೆ ತಕ್ಕ ಉತ್ತರ ಕೊಟ್ಟಿದ್ದರು. ಟೈಪ್‌ರೈಟರಿನ ಬೆರಳೋಟವೇ ನಡೆಯುವಂಥ ಕನ್ನಡದ ಸಾಫ್ಟ್‌ವೇರನ್ನೂ ಅವರು ಹಾಕಿಕೊಟ್ಟರು. ಮನೆಗೆ ತಂದು ಜೋಡಿಸಿದ ದಿನ ಕೀಲಿಗಳ ಕಡೆ ನೋಡದೆಯೇ ಅರ್ಧ ಪುಟ ಹೊಡೆದೆ. ಖುಷಿಗೆ ಕಣ್ಣಲ್ಲಿ ನೀರು ಬಂತು. ಹೊರಡುವಾಗ ಮಿಸ್ತ್ರಿ, "ಇಲ್ಲೀ ಕೆಂಪು ಧೂಳಿ ಭಾಳ ಕೆಟ್ಟದ್ರಿ. ಕೆಲಸ ಮುಗದ ಮ್ಯಾಲ ಏನರೆ ಹೊಚ್ಚಿ ಇಡ್ರಿ," ಅಂದರು.

ಆ ಮಾತು ಒಳಗಿದ್ದ ನಮ್ಮ ಅತ್ತೆಯ ಕಿವಿಗೆ ಬಿತ್ತು. ಅತ್ತೆ ಓಣಿಗೆಲ್ಲ ಕೌದಿ ಹೊಲಿದುಕೊಡುವವರು. ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ, ಒತ್ತೊತ್ತಾಗಿ ದಾರ ಹಾಕಿ ಹೊಲಿದರೆ ಹತ್ತು ವರ್ಷ ಹೊದ್ದರೂ ಜಗ್ಗುತ್ತಿರಲಿಲ್ಲ. ಹೋಳಿ ಹುಣ್ಣಿಮೆಯ ಹೊತ್ತಿಗೆ ಕಂಪ್ಯೂಟರಿಗೂ ಒಂದು ಪುಟ್ಟ ಕೌದಿ ತಯಾರಾಯಿತು. ಡಬ್ಬಿ, ಕೀಬೋರ್ಡ್ ಎಲ್ಲವನ್ನೂ ಸೇರಿಸಿ ಮುಚ್ಚುವಷ್ಟು ಅಗಲ. ನೋಡಿದವರೆಲ್ಲ ಹೊಗಳಿದರು. ನಾನೂ ಹೊಗಳಿದೆ.

ಹದಿನೈದು ದಿನವಾಗಿರಬೇಕು. ಸಂಶೋಧಕನ ಪ್ರಬಂಧದ ನಾಲ್ಕು ಅಧ್ಯಾಯ ಮುಗಿದಿದ್ದವು, ಎರಡು ಉಳಿದಿದ್ದವು. ಮೊದಲು ಕೆಲವು ಕೀಲಿ ಒತ್ತಿದರೂ ಅಕ್ಷರ ಬೀಳದಾಯಿತು. ಆಮೇಲೆ ಮಷೀನ್ ತಾನೇ ಆರಿಹೋಯಿತು, ಏನು ಮಾಡಿದರೂ ಹೊತ್ತಿಕೊಳ್ಳಲಿಲ್ಲ. ವಿಷಯ ತಿಳಿದು ಸಂಶೋಧಕ ಬಂದ. ಪಾಪ, ಅವನಿಗೂ ಗಡುವು ಹತ್ತಿರವಾಗಿತ್ತು. "ನಾಳೆ ಹನ್ನೊಂದರತನಕ ನೋಡ್ತೇನ್ರಿ ಅಕ್ಕಾರ. ಆಗಲಿಲ್ಲಂದ್ರ ಹುಬ್ಬಳ್ಳಿಯೊಳಗ ಕೊಡತೇನಿ," ಅಂದ. ಇವರು, "ಅವಾಗ ಹೇಳಿದ್ದೆ, ದೊಡ್ಡದು ತಗೋ ಅಂತ. ಆ ಅಂಗಡಿಯವ್ರಿಗೆ ಫೋನ್ ಮಾಡ್ಲೇನು?" ಎಂದರು. ಇದ್ದುದನ್ನು ಕೊಟ್ಟು ಹೊಸದನ್ನು ತರುವುದೇ ಸರಿಯೇನೋ, ನನ್ನ ಹಟವೇ ತಪ್ಪೇನೋ ಎಂದು ನನಗೂ ಅನ್ನಿಸಿತು. ಅಷ್ಟು ಕುಗ್ಗಿದ್ದು ಅದೇ ಮೊದಲು.

ಆದರೂ ಮಿಸ್ತ್ರಿಗೆ ಹೇಳಿ ಕಳಿಸಿದ್ದೆ. ಮರುದಿನ ಮುಂಜಾನೆಯ ಬಸ್ಸಿಗೇ ಅವರು ಬಂದರು. ಡಬ್ಬಿಯ ಮುಚ್ಚಳ ತೆಗೆದವರು, "ಅಯ್ಯ, ಇಲ್ಲಿ ಸಂಸಾರನ ನಡದೈತಿ," ಅಂದರು. ಬಗ್ಗಿ ನೋಡಿದೆ. ಬೆಚ್ಚಗಿನ ಜಾಗದಲ್ಲಿ ಕೆಂಪು ಇರುವೆಗಳು, ರಾಶಿ ಬಿಳಿ ಮೊಟ್ಟೆ. ಕೀಬೋರ್ಡಿನೊಳಗೂ ಅವೇ. ಎಲ್ಲಿಂದ ಬಂದವೆಂದು ಸಾಲು ಹಿಡಿದು ಹೋದರೆ, ಪಕ್ಕದಲ್ಲಿ ಮಡಚಿಟ್ಟಿದ್ದ ಕೌದಿಯ ಮೂಲೆಯಲ್ಲಿ ಸಾಲು ಮುಗಿಯಿತು. ಹೊಲಿಗೆ ಬಿಚ್ಚಿದೆ. ಒಳಗಿನಿಂದ ಹೋಳಿಗೆಯ ಚೂರು ಉದುರಿತು.

ನಮ್ಮಲ್ಲಿ ಕೌದಿ ಮುಗಿಸುವಾಗ ಅದರ ಹೊಟ್ಟೆ ಹಸಿದಿರಬಾರದೆಂದು ಕೊನೆಯ ಮೂಲೆಯಲ್ಲಿ ಒಂದು ತುತ್ತು ಇಟ್ಟು ಹೊಲಿಯುತ್ತಾರೆ. ಎಲ್ಲರೂ ಒಣ ರೊಟ್ಟಿಯ ಚೂರು ಇಡುತ್ತಾರೆ. ಅತ್ತೆ ಹಬ್ಬದ ಹೋಳಿಗೆಯನ್ನೇ ಇಟ್ಟಿದ್ದರು.

ನಾನು ಮಿಸ್ತ್ರಿಯ ಎದುರಿಗೇ ಕೂಗಾಡಿದೆ. "ನಿಮ್ಮ ಕೌದಿ ಹೊಟ್ಟಿ ತುಂಬಸಾಕ ಹೋಗಿ ನನ್ನ ಹೊಟ್ಟಿ ಮ್ಯಾಲ ಹೊಡದ್ರಲ್ಲ ಅತ್ತಿ!" ಅತ್ತೆ, "ಸೊಸಿ ಹೊಸಾ ಕೆಲಸಕ್ಕ ಸಿಹಿ ಇರಲಿ ಅಂತ ಇಟ್ಟೆವಾ," ಎಂದಷ್ಟೇ ಹೇಳಿ ಒಳಗೆ ಹೋದರು. ಮಿಸ್ತ್ರಿ ತಿರುಪು ಬಿಚ್ಚುತ್ತ, "ನಮ್ಮ ಅಮ್ಮೀನೂ ಕೌದಿಗೆ ತುತ್ತು ಇಡತಾರ್ರಿ ಅಕ್ಕಾರ," ಎಂದರು ಮೆಲ್ಲಗೆ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಅವರು ಬಣ್ಣ ಹಚ್ಚುವ ಕುಂಚದಿಂದ ಇರುವೆಗಳನ್ನು ಗುಡಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಒಂದೊಂದೇ ಕೀಲಿ ಕಿತ್ತು ಒರೆಸಿ ಕೂಡಿಸಿದರು. ಗುಂಡಿ ಒತ್ತಿದಾಗ ಮಷೀನ್ ಹೊತ್ತಿಕೊಂಡಿತು. ನಾಲ್ಕೂ ಅಧ್ಯಾಯ ಹಾಗೇ ಇದ್ದವು. "ಮಷೀನಿಗೆ ಏನೂ ಆಗಿಲ್ರಿ. ಹೊಸಾದು ತಗೊಂಡಿದ್ರ ಇರುವಿ ಅದಕ್ಕೂ ಬರತಿದ್ವು," ಎಂದರು ಇವರಿಗೆ ಕೇಳಿಸುವಂತೆ.

ಅವರು ಇನ್ನೂ ಸಾಮಾನು ಕಟ್ಟಿಕೊಳ್ಳುತ್ತಿರುವಾಗಲೇ ಸಂಶೋಧಕ ಬಂದ. ಟೇಬಲ್ ಮೇಲಿದ್ದ ಬಿಡಿ ತಿರುಪು, ಸತ್ತ ಇರುವೆಗಳನ್ನು ನೋಡಿ ಅವನ ಮುಖ ಸಣ್ಣದಾಯಿತು. ಏನೂ ಕೇಳದೆ ತನ್ನ ಕೈಬರಹದ ಕಟ್ಟಿಗೆ ಕೈ ಹಾಕಿದ. ಮುಗಿದ ಅಧ್ಯಾಯ ತೆರೆದು ತೋರಿಸಲೆಂದು ನಾನು ಕೀಬೋರ್ಡ್ ಎಳೆದುಕೊಂಡೆ.

ಪರ ಗಂಡಸರು ಬಂದರೆ ಪಡಸಾಲೆಗೆ ಕಾಲಿಡದ ಅತ್ತೆ ಸೆರಗು ಹೊದ್ದುಕೊಂಡು ಹೊರಗೆ ಬಂದರು. "ತಮ್ಮಾ, ತಪ್ಪು ನಂದು. ಕೌದ್ಯಾಗ ಸಿಹಿ ಇಟ್ಟು ಇರುವಿ ಕರದಾಕಿ ನಾನು. ಮಷೀನ್ ಛಲೋ ಐತಿ, ಈಕಿ ಕೈ ಅದಕ್ಕಿಂತ ಛಲೋ ಐತಿ. ಕೆಲಸ ಕಸಗೋಬ್ಯಾಡಪಾ."

ಅವನು ನನ್ನ ಮುಖ ನೋಡಿದ, ಮಿಸ್ತ್ರಿಯ ಮುಖ ನೋಡಿದ. "ಎರಡು ಅಧ್ಯಾಯ ಶನಿವಾರದ ಒಳಗ ಆಗತಾವೇನ್ರಿ?" ಎಂದ. ಆಗುತ್ತವೆ ಎಂದೆ. ಕಟ್ಟನ್ನು ಅಲ್ಲೇ ಇಟ್ಟು ಹೋದ.

ಅತ್ತೆಯ ಕೈ ಹಿಡಿದು ತಪ್ಪಾಯಿತು ಅನ್ನಬೇಕೆಂದು ಎದ್ದೆ. ಗಡಿಯಾರ ಹನ್ನೊಂದು ದಾಟಿತ್ತು, ರೊಟ್ಟಿಯ ಹೊತ್ತು. ರೂಢಿಯಂತೆ ಕಾಲು ಅಡುಗೆಮನೆಯ ಕಡೆಗೇ ತಿರುಗಿತು. ಅತ್ತೆ ಹೊಸ್ತಿಲಲ್ಲಿ ಅಡ್ಡ ನಿಂತರು.

"ಎಲ್ಲಿಗೆ ಹೊಂಟಿ? ಕುಂತು ನಿನ್ನ ಕೆಲಸ ಮಾಡು. ರೊಟ್ಟಿ ನಾ ಬಡೀತೇನಿ."