ಕಂಡಕ್ಟರ್ ರಾಜೇಂದ್ರ ಹೆಂಡತಿಯ ಜೊತೆ ಊಟಕ್ಕೆ ಹೋದದ್ದು

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸೊಂದರಲ್ಲಿ ರಾಜೇಂದ್ರ ಬಹಳ ವರ್ಷಗಳಿಂದ ಕಂಡಕ್ಟರ್. ಬಸ್ಸಿನೊಳಗೆ ಅವನದೇ ರಾಜ್ಯ. ಬಾಯಿ ಜೋರು, ಮಾತು ಚುರುಕು. ಹೊಸದಾಗಿ ಮದುವೆಯಾದವರು ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತರೆ, "ಇಬ್ರಿಗೂ ಸೇರಿ ಒಂದೇ ಟಿಕೆಟ್ ಸಾಕಾ, ಎರಡು ಕೊಡ್ಲಾ?" ಎಂದು ಕೇಳಿ ಬಸ್ಸನ್ನೆಲ್ಲ ನಗಿಸುತ್ತಿದ್ದ. ಹುಡುಗಿ ತಲೆ ತಗ್ಗಿಸುತ್ತಿದ್ದಳು, ಹುಡುಗ ಕಿಟಕಿಯಾಚೆ ನೋಡುತ್ತಿದ್ದ. ಅದರಲ್ಲಿ ಕೆಟ್ಟದ್ದೇನಿದೆ ಎಂದು ಅವನಿಗೆ ಅನ್ನಿಸಿದ್ದೇ ಇಲ್ಲ.

ಬಸ್ಸಿನಿಂದ ಇಳಿದು ಹೆಂಡತಿಯ ಜೊತೆ ಹೊರಟರೆ ಮಾತ್ರ ಅವನು ಬೇರೆಯೇ ಮನುಷ್ಯ. ಸಾಗರದ ಪೇಟೆಯಲ್ಲಿ ಅವನು ಮುಂದೆ, ಸುಚಿತ್ರಾ ಹಿಂದೆ. ನಡುವೆ ಇನ್ನಿಬ್ಬರು ಆರಾಮಾಗಿ ನಡೆಯುವಷ್ಟು ಜಾಗ. ಮದುವೆಮನೆಗೆ ಹೋದರೆ ಬಾಗಿಲಲ್ಲೇ ಅವಳನ್ನು ಬಿಟ್ಟು ಗಂಡಸರ ಕಡೆ ಸೇರಿಕೊಳ್ಳುತ್ತಿದ್ದ. ಅವಳ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಅಪ್ಪ ಭೂತಪ್ಪ ಅಮ್ಮನ ಪಕ್ಕದಲ್ಲಿ ನಡೆದದ್ದನ್ನು ಅವನು ಕಂಡಿರಲಿಲ್ಲ. ಹೆಂಡತಿಯ ಜೊತೆ ಸಮಸಮ ನಡೆಯುವವನು ನಾಲ್ಕು ಜನರ ಬಾಯಿಗೆ ಬೀಳುತ್ತಾನೆ ಎಂಬುದು ಎಲ್ಲಿಂದಲೋ ಅವನ ತಲೆಯೊಳಗೆ ಕೂತುಬಿಟ್ಟಿತ್ತು.

ಸುಚಿತ್ರಾ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಅವಳ ಜೊತೆಗಿದ್ದ ಸೌಜನ್ಯಾ ತೀರ್ಥಹಳ್ಳಿ ಕಡೆಯ ಹುಡುಗಿ, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ತಿಂಗಳಿಗೊಮ್ಮೆ ಅವಳೂ ಗಂಡನೂ ಇಬ್ಬರೇ ಎಲ್ಲಾದರೂ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಸೌಜನ್ಯಾ ಮೊಬೈಲ್ ತೆಗೆದು ತೋರಿಸಿದಳು. ಗಂಡಹೆಂಡತಿ ಇಬ್ಬರೇ ಸಂಜೆ ಕಳೆಯುವುದು ಹೇಗೆ, ಅದಕ್ಕೆ ಎಷ್ಟು ಖರ್ಚು ಎಂದು ಯಾರೋ ಬರೆದಿದ್ದರು. ಮೇಣದ ಬತ್ತಿಯ ಬೆಳಕಲ್ಲಿ ಊಟ, ಮಾಲ್‌ನಲ್ಲಿ ಸಿನಿಮಾ, ರೆಸಾರ್ಟು. ಅಲ್ಲಿದ್ದ ದುಡ್ಡಿನ ಲೆಕ್ಕ ನೋಡಿ ಸುಚಿತ್ರಾ ನಕ್ಕುಬಿಟ್ಟಳು.

"ಅದೆಲ್ಲ ಬೆಂಗಳೂರಿನೋರಿಗೆ ಅಕ್ಕಾ," ಎಂದಳು ಸೌಜನ್ಯಾ. "ನಾವು ಹೊಳೆ ದಂಡೇಲಿ ಕೂತು ಬರ್ತೀವಿ. ಆಮೇಲೆ ಎಲ್ಲಾದ್ರೂ ಊಟ. ಐನೂರು ಇದ್ರೆ ಮುಗೀತು."

ಆ ರಾತ್ರಿ ಊಟ ಬಡಿಸುತ್ತ ಸುಚಿತ್ರಾ ಗಂಡನನ್ನು ಕೇಳಿದಳು. "ನಾವಿಬ್ರೇ ಎಲ್ಲಾದ್ರೂ ಹೋಗಿ ಬರನಾ?"

"ಮೊನ್ನೆ ವರದಹಳ್ಳಿಗೆ ಹೋಗಿದ್ವಲ್ಲ."

"ಅತ್ತೆ, ನಿಮ್ಮ ಅಕ್ಕ, ಅಕ್ಕನ ಮಕ್ಕಳು, ನಮ್ಮ ಲಿಖಿತ್. ಇಬ್ರೇ ಎಲ್ಲಿ?"

"ಇಬ್ರೇ ಹೋಗಿ ಎಂತ ಮಾಡದು?"

"ಎಂತದೂ ಮಾಡದು ಬೇಡ. ಕೂರದು. ಮಾತಾಡದು. ಮನೇಲಿ ಮಾಡದೇ ಇರೋ ಅಡುಗೆ ಉಣ್ಣದು."

ಮದುವೆಯಾದ ಹತ್ತು ವರ್ಷದಲ್ಲಿ ಅವಳು ತನಗಾಗಿ ಕೇಳಿದ್ದು ಕಡಿಮೆ. ಇಲ್ಲ ಎನ್ನಲು ರಾಜೇಂದ್ರನಿಗೆ ಬಾಯಿ ಬರಲಿಲ್ಲ. ಆದರೆ ಎಲ್ಲಿಗೆ? ಸಾಗರದಲ್ಲಿ ಹೆಜ್ಜೆಗೊಬ್ಬ ಪರಿಚಯದವನು. ಜೋಗಕ್ಕೆ ಹೋದರೂ ಸಾಗರದವರೇ ಸಿಗುತ್ತಾರೆ. ಹೊಸನಗರದಲ್ಲಿ ಹೋಟೆಲಿನವರೆಲ್ಲ ಅವನನ್ನು ಹೆಸರು ಹಿಡಿದು ಕರೆಯುವವರು. ಕೊನೆಗೆ ತೀರ್ಥಹಳ್ಳಿಯೇ ಸರಿ ಎಂದುಕೊಂಡ. ಅಲ್ಲಿ ಅವನ ಪರಿಚಯವೆಲ್ಲ ಬಸ್ ಸ್ಟ್ಯಾಂಡಿನದು. ಅದರಿಂದ ದೂರ ಮಹಡಿಯ ಮೇಲೊಂದು ಫ್ಯಾಮಿಲಿ ರೆಸ್ಟೋರೆಂಟ್ ಇತ್ತು, ಭಾನುವಾರ ಅಲ್ಲಿಗೆ ತನ್ನನ್ನು ಬಲ್ಲವರು ಯಾರು ಬರುತ್ತಾರೆ?

ಅಮ್ಮ ಮಾಸ್ತಮ್ಮನಿಗೆ ಅವನು ಹೇಳಿದ್ದು, ತೀರ್ಥಹಳ್ಳಿಯಲ್ಲೊಂದು ಗೃಹಪ್ರವೇಶ ಎಂದು. ಸುಚಿತ್ರಾ ಹೊಸ ಚೂಡಿದಾರ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದಳು. ಗೃಹಪ್ರವೇಶಕ್ಕೆ ಚೂಡಿದಾರ ಹಾಕಿಕೊಂಡು ಹೋಗುವ ಸೊಸೆಯನ್ನು ಮಾಸ್ತಮ್ಮ ಸುಮ್ಮನೆ ಬಿಡುವವಳಲ್ಲ. ಹಾಗಾಗಿ ರೇಷ್ಮೆ ಸೀರೆ ಉಟ್ಟು ಬೈಕಿನ ಹಿಂದೆ ಕೂರಬೇಕಾಯಿತು. ಹೊಸನಗರ ಬಂದಾಗ, "ಒಂದು ಟೀ ಕುಡಿಯನಾ?" ಎಂದಳು. ಅವನು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು, "ಮುಂದೆ ನೋಡನ" ಎಂದು ಬೈಕ್ ಓಡಿಸಿದ. ಮುಂದೆ ಎಲ್ಲಿಯೂ ನಿಲ್ಲಿಸಲಿಲ್ಲ.

ಆದರೆ ತುಂಗೆಯ ದಂಡೆಯಲ್ಲಿ ಅವನು ಹಗುರಾದ. ಬಿಸಿಲು ಇಳಿದಿತ್ತು, ನೀರು ಕಡಿಮೆಯಾಗಿ ಬಂಡೆಗಳೆಲ್ಲ ಎದ್ದಿದ್ದವು, ಹತ್ತಿರದಲ್ಲಿ ಯಾರೂ ಇರಲಿಲ್ಲ. ಸುಚಿತ್ರಾ ಸೀರೆಯ ನೆರಿಗೆ ಎತ್ತಿಕೊಂಡು ಮೊಣಕಾಲವರೆಗೆ ನೀರಿಗಿಳಿದಳು. ಅವನು ಗಾಬರಿಯಿಂದ, "ಏಯ್, ಗುಂಡಿ ಇರ್ತದೆ" ಎಂದ.

"ನಂಗೆ ಈಜು ಬರ್ತದೆ."

"ಯಾವಾಗ ಕಲ್ತೆ?"

"ಸಣ್ಣೋಳಿದ್ದಾಗ್ಲೇ. ಲಿಂಗನಮಕ್ಕಿ ಹಿನ್ನೀರು ನಮ್ಮ ಮನೆ ಹಿಂದೇನೇ ಇತ್ತಲ್ಲ. ನಾನೂ ಅಣ್ಣನೂ ನಡುಗಡ್ಡೆವರೆಗೂ ಹೋಗ್ತಿದ್ವಿ."

"ಇಷ್ಟು ವರ್ಷ ಹೇಳಲೇ ಇಲ್ಲ?"

"ನೀವು ಕೇಳಲೇ ಇಲ್ಲ," ಎಂದು ನಕ್ಕಳು.

ಅವಳು ಹಿನ್ನೀರಿನ ಕತೆ ಹೇಳುತ್ತ ಹೋದಳು, ಅವನು ಕೇಳುತ್ತ ಕೂತ. ನೀರು ಇಳಿದಾಗ ಹಳೆಯ ಊರಿನ ಬಾವಿಕಟ್ಟೆ ಮೇಲೇಳುತ್ತಿದ್ದದ್ದು, ಒಮ್ಮೆ ಅಣ್ಣ ಸುಸ್ತಾಗಿ ಮುಳುಗತೊಡಗಿದಾಗ ಅವನ ಕೂದಲು ಹಿಡಿದು ಎಳೆತಂದದ್ದು. ತನ್ನ ಮನೆಯಲ್ಲಿ ಹೀಗೊಬ್ಬಳು ಇದ್ದಾಳೆ ಎಂದು ಅವನಿಗೆ ಆಶ್ಚರ್ಯವಾಯಿತು. ಇನ್ನೂ ಸ್ವಲ್ಪ ಹೊತ್ತು ಕೂತಿರೋಣ ಎಂದವನು ಅವನೇ.

ರೆಸ್ಟೋರೆಂಟಿನಲ್ಲಿ ಮೂಲೆಯ ಮೇಜು ಹಿಡಿದರು. ಮೆನು ಕಾರ್ಡಿನಲ್ಲಿ ಅವನ ಕಣ್ಣು ಹೋಗುತ್ತಿದ್ದದ್ದು ಬೆಲೆಯ ಕಡೆಗೆ. "ಬಲಗಡೆ ನೋಡ್ಬೇಡಿ, ಎಡಗಡೆ ನೋಡಿ," ಎಂದಳು ಅವಳು. ತಂದೂರಿ ರೊಟ್ಟಿ, ಪನೀರು, ಹೆಸರು ಗೊತ್ತಿಲ್ಲದ ಇನ್ನೊಂದು ಪಲ್ಯ. ಕೊನೆಗೆ ಇಬ್ಬರಿಗೂ ಸೇರಿ ಒಂದು ಗಡ್‌ಬಡ್ ಐಸ್‌ಕ್ರೀಮ್, ಎರಡು ಚಮಚ. ಎತ್ತರದ ಲೋಟದ ತಳದಲ್ಲಿದ್ದ ಗೋಡಂಬಿಗಾಗಿ ಇಬ್ಬರ ಚಮಚವೂ ಒಂದಕ್ಕೊಂದು ತಾಗಿ ಸದ್ದಾಯಿತು. ಆಗಲೇ ಹಿಂದಿನಿಂದ ದನಿ ಕೇಳಿಸಿತು.

"ಏನೋ ರಾಜೇಂದ್ರ, ಬಸ್ ಬಿಟ್ಟು ಇಲ್ಲಿ ಕೂತಿದೀಯಲ್ಲ?"

ಮುಕುಂದಯ್ಯನವರು. ತೀರ್ಥಹಳ್ಳಿ ಹತ್ತಿರದ ತೋಟದ ಗೌಡರು, ವಾರಕ್ಕೊಮ್ಮೆಯಾದರೂ ಅವನ ಬಸ್ಸು ಹತ್ತುವ ಹಿರಿಯರು. ಹಿಂದಿನ ವರ್ಷ ಬಸ್ಸಿನಲ್ಲಿ ಅವರಿಗೆ ತಲೆಸುತ್ತು ಬಂದು ಬಿದ್ದಾಗ ರಾಜೇಂದ್ರನೇ ಬಸ್ಸನ್ನು ನೇರ ಆಸ್ಪತ್ರೆಗೆ ತಿರುಗಿಸಿದ್ದ. ಅಂದಿನಿಂದ ಅವನೆಂದರೆ ಅವರಿಗೆ ಮನೆಯ ಹುಡುಗನ ಹಾಗೆ.

ರಾಜೇಂದ್ರ ಎದ್ದು ನಿಂತ. ಅವನ ಕೈಯಲ್ಲಿ ಚಮಚ ಇನ್ನೂ ಇತ್ತು.

"ಯಾರಿವರು?" ಎಂದರು ಮುಕುಂದಯ್ಯ.

ಹೆಂಡತಿ ಎಂದು ಹೇಳಲು ಒಂದು ಮಾತು ಸಾಕಿತ್ತು. ಅವನಿಗೆ ಕಂಡದ್ದು ಎರಡು ಚಮಚದ ಆ ಲೋಟ, ಅವಳ ರೇಷ್ಮೆ ಸೀರೆ, ನಾಳೆ ಬಸ್ಸಿನಲ್ಲಿ ಏಳುವ ನಗು. "ನಮ್ಮ ಕಡೆಯೋರು ಗೌಡ್ರೇ, ಸಾಗರದೋರು," ಎಂದ. "ಹುಷಾರಿರ್ಲಿಲ್ಲ. ಡಾಕ್ಟ್ರಿಗೆ ತೋರ್ಸಕ್ಕೆ ಕರ್ಕೊಂಡು ಬಂದಿದ್ದೆ."

ಸುಚಿತ್ರಾ ತಲೆ ಎತ್ತಿ ಅವನ ಮುಖ ನೋಡಿದಳು. ಆಮೇಲೆ ಚಮಚವನ್ನು ತಟ್ಟೆಯ ಮೇಲೆ ಮೆಲ್ಲಗೆ ಇಟ್ಟಳು.

"ಹೌದಾ? ಎಂತಾಗಿದೆ ತಾಯಿ?"

"ಹೊಟ್ಟೆನೋವು," ಎಂದ ರಾಜೇಂದ್ರನೇ.

"ಇವತ್ತು ಭಾನುವಾರ, ಯಾವ ಡಾಕ್ಟ್ರು ಸಿಕ್ತಾರೆ?"

"ಸಿಗಲಿಲ್ಲ ಗೌಡ್ರೇ. ಹಂಗೇ ವಾಪಸ್ ಹೊರಟಿದ್ವಿ."

"ಅಷ್ಟು ದೂರದಿಂದ ಬಂದು ಹಂಗೇ ಹೋಗದಾ? ನಮ್ಮ ಪರಿಚಯದ ಡಾಕ್ಟ್ರ ಮನೆ ಇಲ್ಲೇ ಹಿಂದಿನ ರಸ್ತೇಲಿ. ಬನ್ನಿ, ನಾನೇ ಬರ್ತೀನಿ. ನಿನ್ನ ಉಪಕಾರ ನಾನು ಮರೆತಿಲ್ಲ."

ಬೇಡ ಎಂದಷ್ಟೂ ಅವರ ಒತ್ತಾಯ ಹೆಚ್ಚಿತು. ಡಾಕ್ಟರಿಗೆ ಫೋನೂ ಮಾಡಿಬಿಟ್ಟರು. ಕೆಳಗೆ ಗಲ್ಲಾದ ಹತ್ತಿರ ರಾಜೇಂದ್ರ ಜೇಬಿಗೆ ಕೈ ಹಾಕುವಷ್ಟರಲ್ಲಿ ಬಿಲ್ಲನ್ನೂ ಅವರೇ ಕೊಟ್ಟರು. "ಯಾರನ್ನೋ ಆಸ್ಪತ್ರೆಗೆ ಅಂತ ಕರ್ಕೊಂಡು ಬಂದಿದೀಯ. ನಿನ್ನ ಕೈಲಿ ದುಡ್ಡು ಕೊಡಿಸ್ತೀನಾ?" ಎಂದರು. ಅವರ ಕಾರಿನ ಹಿಂದಿನ ಸೀಟಿನಲ್ಲಿ ಸುಚಿತ್ರಾ ಒಬ್ಬಳೇ ಕೂತಳು. ಈಗಲಾದರೂ ಹೇಳಬಹುದಿತ್ತು. ಡಾಕ್ಟರ ಮನೆಯ ಗೇಟಿನವರೆಗೂ ಅವನು ಮಾತು ಕೂಡಿಸಿದ, ಒಂದೂ ಹೊರಗೆ ಬರಲಿಲ್ಲ.

ವಯಸ್ಸಾದ ಡಾಕ್ಟರು ಅವಳನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ರಾಜೇಂದ್ರ ಬಾಗಿಲ ಹತ್ತಿರ ಮುಕುಂದಯ್ಯನವರ ಪಕ್ಕ ನಿಂತಿದ್ದ.

"ಯಾವತ್ತಿಂದ ನೋವು?"

"ಬಹಳ ದಿನ ಆಯ್ತು," ಎಂದಳು ಸುಚಿತ್ರಾ.

"ಗಂಡ ಬರ್ಲಿಲ್ವಾ ಜೊತೆಗೆ?"

ಅವಳು ಎದ್ದು ಕೂತು ಸೆರಗು ಸರಿಮಾಡಿಕೊಂಡಳು. "ಅವರು ಬಸ್ಸಲ್ಲಿ ಕೆಲಸ. ನಂಜೊತೆ ಬರಕ್ಕೆ ಆಗಲ್ಲ ಅವರಿಗೆ."

"ಪಾಪ," ಎಂದರು ಮುಕುಂದಯ್ಯ.

ಆ ಒಂದು ಮಾತಿಗೆ ರಾಜೇಂದ್ರನ ಕಿವಿ ಕಾದ ಬಾಣಲೆಯಂತಾಯಿತು. ನೆಲ ನೋಡುತ್ತ ನಿಂತ. ಡಾಕ್ಟರು ಹುಳಿತೇಗಿಗೆ ಎಂದು ಒಂದಿಷ್ಟು ಮಾತ್ರೆ ಕೊಟ್ಟರು, ಫೀಸು ತೆಗೆದುಕೊಳ್ಳಲಿಲ್ಲ.

ವಾಪಸ್ ಬರುವಾಗ ಅವಳು ಅವನ ಹೆಗಲು ಹಿಡಿಯಲಿಲ್ಲ, ಬೈಕಿನ ಹಿಂದಿನ ಕಂಬಿ ಹಿಡಿದು ಕೂತಿದ್ದಳು. ಹೊಸನಗರದಲ್ಲಿ ಅವನು ಬಸ್ ಸ್ಟ್ಯಾಂಡಿನ ಎದುರೇ ಬೈಕ್ ನಿಲ್ಲಿಸಿ, "ಟೀ ಕುಡಿಯನಾ?" ಎಂದ.

"ಬೇಡ. ಯಾರಾದ್ರೂ ನೋಡ್ತಾರೆ," ಎಂದಳು ಅವಳು.

ಮನೆಯಲ್ಲಿ ಮಾಸ್ತಮ್ಮ ಗೃಹಪ್ರವೇಶ ಹೇಗಾಯಿತು ಎಂದು ಕೇಳಿದಳು. "ಊಟ ಚೆನ್ನಾಗಿತ್ತು ಅತ್ತೆ," ಎಂದು ಸುಚಿತ್ರಾ ಸೀರೆ ಬದಲಿಸಲು ಒಳಗೆ ಹೋದಳು.

ಅವಳು ಜಗಳವಾಡಲಿಲ್ಲ, ಅಳಲೂ ಇಲ್ಲ. ಬೆಳಿಗ್ಗೆ ತಿಂಡಿ ಕೊಡುತ್ತಿದ್ದಳು, ಬುತ್ತಿ ಕಟ್ಟುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು. ಕೇಳದೆ ಒಂದು ಮಾತೂ ಆಡುತ್ತಿರಲಿಲ್ಲ. ಕೆಲವು ದಿನ ಕಳೆದ ಮೇಲೆ ರಾಜೇಂದ್ರ ಬಾಯಿಬಿಟ್ಟ. "ಅವತ್ತು ಬಾಯಿ ತಪ್ಪಿ ಬಂತು ಮಾರಾಯ್ತಿ."

"ಬಾಯಿ ತಪ್ಪಿದ್ರೆ ಒಂದು ಮಾತು ತಪ್ತದೆ," ಎಂದಳು ಸುಚಿತ್ರಾ. "ಡಾಕ್ಟ್ರ ಮನೆವರೆಗೂ ಹೋಗಲ್ಲ." ಅವನ ತಟ್ಟೆ ಎತ್ತಿಕೊಳ್ಳುತ್ತ ಮತ್ತೆ ಹೇಳಿದಳು. "ನಾನು ನೋಡಕ್ಕೆ ಅಷ್ಟು ಕೆಟ್ಟದಾಗಿದೀನಾ? ಅದೊಂದು ಹೇಳಿ ಸಾಕು."

ಅವನು ಇಲ್ಲ ಎಂದು ತಲೆಯಾಡಿಸಿದ. ಅವಳು ಆಗಲೇ ಪಾತ್ರೆಯ ಕಡೆ ತಿರುಗಿದ್ದಳು.

ಮುಂದಿನ ವಾರ ಮುಕುಂದಯ್ಯ ಬಸ್ಸು ಹತ್ತಿದರು. ಸಂತೆಯ ದಿನ, ನಿಲ್ಲಲು ಜಾಗವಿರಲಿಲ್ಲ. ಟಿಕೆಟ್ ಕೊಡಲು ಬಂದ ರಾಜೇಂದ್ರನನ್ನು ಅವರು ಎಲ್ಲರ ನಡುವೆ ಕೇಳಿದರು. "ಆ ಹೆಣ್ಣುಮಗಳು ಹೆಂಗಿದಾರೋ? ಹೊಟ್ಟೆನೋವು ಕಡಿಮೆ ಆಯ್ತಾ?"

ಆಯಿತು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ರಾಜೇಂದ್ರ ಕಂಬಿ ಹಿಡಿದುಕೊಂಡ. "ಹೊಟ್ಟೆನೋವು ಇರ್ಲಿಲ್ಲ ಗೌಡ್ರೇ. ಅವಳು ನನ್ನ ಹೆಂಡ್ತಿ."

"ಎಂತ?"

"ನನ್ನ ಹೆಂಡ್ತಿ, ಸುಚಿತ್ರಾ. ಊಟಕ್ಕೆ ಅಂತ ಇಬ್ರೇ ಬಂದಿದ್ವಿ. ನಿಮ್ಮ ಎದುರು ಹೇಳಕ್ಕೆ ನಾಚಿಕೆ ಆಯ್ತು."

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಡ್ರೈವರ್ ಹುಲಿಯಪ್ಪ ಕನ್ನಡಿಯಲ್ಲಿ ನೋಡಿದ. ಮುಕುಂದಯ್ಯ ನಗಲಿಲ್ಲ. ಅವರ ಮುಖ ಕಪ್ಪಿಟ್ಟಿತು.

"ಅವಳ ಎದುರಿಗೇ ನಾನು ಪಾಪ ಅಂದೆನಲ್ಲೋ," ಎಂದರು ಮೆಲ್ಲಗೆ. "ಆ ಹುಡುಗಿ ಎಂತ ಅಂದ್ಕೊಂಡಿರ್ಬೇಕು. ನಂಗೂ ನಾಚಿಕೆ ತಂದಿಟ್ಟೆ ನೀನು."

ರಾಜೇಂದ್ರ ಊಟದ ದುಡ್ಡನ್ನು ಜೇಬಿನಿಂದ ತೆಗೆದು ಚಾಚಿದ. ಅವರು ಅದನ್ನು ಮುಟ್ಟಲಿಲ್ಲ. "ಆ ಊಟ ನಾನು ಅವಳಿಗೆ ಹಾಕಿಸಿದ್ದು. ನೀನು ವಾಪಸ್ ಕೊಡೋದು ಎಂತ ಇದೆ ಅದ್ರಲ್ಲಿ?" ಎಂದು ಕಿಟಕಿಯ ಕಡೆ ತಿರುಗಿದರು. ಇಳಿಯುವಾಗ ಬರಲಾ ಎಂದು ಹೇಳುವ ರೂಢಿ ಅವರದು, ಅವತ್ತು ಹೇಳದೆ ಇಳಿದರು.

ಸಂಜೆ ಇದನ್ನೆಲ್ಲ ಸುಚಿತ್ರಾಗೆ ಹೇಳಿದ. ಅವಳು ಮಗ ಲಿಖಿತ್‌ನ ಯೂನಿಫಾರ್ಮಿಗೆ ಗುಂಡಿ ಹಾಕುತ್ತ ಕೇಳಿಸಿಕೊಂಡಳು.

"ಬಸ್ಸಲ್ಲಿ ಜನ ಇದ್ರಾ?"

"ತುಂಬಿತ್ತು."

"ಹ್ಞೂಂ," ಎಂದು ದಾರ ಹಲ್ಲಿನಲ್ಲಿ ಕಡಿದಳು. ಅಷ್ಟೇ.

ಬೇಸಿಗೆಯಲ್ಲಿ ಅವಳು ಅಂಗಡಿಯ ಹುಡುಗಿಯರ ಜೊತೆ ಜೋಗಕ್ಕೆ ಹೋಗಿಬಂದಳು. ಅವನನ್ನು ಕರೆಯಲಿಲ್ಲ. ಅವಳ ಮೊಬೈಲಿನಲ್ಲಿದ್ದ ಫೋಟೋ ನೋಡಿದರೆ, ಎಲ್ಲರ ನಡುವೆ ನಿಂತು ಬಾಯ್ತುಂಬ ನಗುತ್ತಿದ್ದಳು. ಆ ನಗು ಮನೆಯಲ್ಲಿ ಕಂಡು ಎಷ್ಟು ದಿನವಾಯಿತು ಎಂದು ಅವನು ಯೋಚಿಸಿದ. ಮರುದಿನ ಧೈರ್ಯ ಮಾಡಿ, ಮತ್ತೊಮ್ಮೆ ಇಬ್ಬರೇ ಹೋಗೋಣವೇ ಎಂದು ಕೇಳಿದ.

ಸುಚಿತ್ರಾ ಕೈಯಲ್ಲಿದ್ದ ಬಟ್ಟೆಯನ್ನು ಪೂರ್ತಿ ಮಡಚಿ ಇಟ್ಟಳು. "ದೂರ ಬೇಡ," ಎಂದಳು ಕೊನೆಗೆ. "ಶನಿವಾರ ಅಂಗಡಿ ಬಿಡೋ ಹೊತ್ತಿಗೆ ಬನ್ನಿ. ಮೂಲೇಲಿ ನಿಲ್ಬೇಡಿ, ಒಳಗೆ ಬನ್ನಿ."

ಅವನು ಒಳಗೆ ಹೋದ. ಸೀರೆಗಳ ರಾಶಿಯ ನಡುವೆ, ಅಂಗಡಿಯವರೆಲ್ಲ ನೋಡುತ್ತಿರುವಾಗ, "ಸುಚಿತ್ರಾ, ಹೋಗನಾ?" ಎಂದ. ಸೌಜನ್ಯಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪೇಟೆಯ ರಸ್ತೆಯಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ನಡೆದರು. ಅವನ ನಡಿಗೆ ಮತ್ತೆ ಮತ್ತೆ ಮುಂದಾಗುತ್ತಿತ್ತು, ಮತ್ತೆ ಮತ್ತೆ ನಿಧಾನಿಸಿ ಅವಳ ಸಮಕ್ಕೆ ಬರುತ್ತಿದ್ದ. ಗಣಪತಿ ಕೆರೆಯ ಹತ್ತಿರ ಗಾಡಿಯ ಮುಂದೆ ನಿಂತು ಪಾನಿಪುರಿ ತಿನ್ನುವಾಗ ಹುಲಿಯಪ್ಪ ಎದುರಿಗೆ ಬಂದ.

"ನನ್ನ ಹೆಂಡ್ತಿ, ಸುಚಿತ್ರಾ ಅಂತ," ಎಂದ ರಾಜೇಂದ್ರ ಅವಸರದಿಂದ.

"ಗೊತ್ತಲ್ಲೋ ಮಾರಾಯ, ನಿನ್ನ ಮದುವೆ ಊಟ ನಾನು ಉಂಡಿಲ್ವಾ?" ಎಂದ ಹುಲಿಯಪ್ಪ. ಸುಚಿತ್ರಾಗೆ ನಗು ತಡೆಯಲಾಗಲಿಲ್ಲ. ಆದರೆ ನಕ್ಕದ್ದು ಹುಲಿಯಪ್ಪನ ಕಡೆ ನೋಡಿ.

ಈಗ ಅವರು ಆಗಾಗ ಹೀಗೆ ಹೊರಡುತ್ತಾರೆ. ಇಬ್ಬರೂ ತಿಂದರೂ ನೂರು ರೂಪಾಯಿ ದಾಟುವುದಿಲ್ಲ. ಸುಚಿತ್ರಾ ಮಾತಾಡುತ್ತಾಳೆ, ಅಂಗಡಿಯ ಸುದ್ದಿ ಹೇಳುತ್ತಾಳೆ, ಒಮ್ಮೊಮ್ಮೆ ಅವನ ತೋಳನ್ನೂ ಹಿಡಿಯುತ್ತಾಳೆ. ಆದರೆ ಪರಿಚಯದವರು ಯಾರಾದರೂ ಎದುರು ಬರುವುದು ಕಂಡರೆ ಅವಳ ಕೈ ತಾನಾಗಿ ಸಡಿಲವಾಗುತ್ತದೆ. ಅರ್ಧ ಹೆಜ್ಜೆ ಹಿಂದೆ ಸರಿದು, ಇವನು ಏನು ಹೇಳುತ್ತಾನೋ ಎಂದು ಕಾಯುತ್ತಾಳೆ. ರಾಜೇಂದ್ರ ಪ್ರತಿ ಸಲವೂ ಅದನ್ನು ನೋಡುತ್ತಾನೆ, ಪ್ರತಿ ಸಲವೂ ಅವನ ಕಿವಿ ಬಿಸಿಯಾಗುತ್ತದೆ.