ಚಾಳಿ ಅಂದವನು ನಾನೇ

ಹುಲಿಗೆಮ್ಮ, ನಿಮ್ಮ ಮಗಳು ಸುಳ್ಳು ಹೇಳಿರಲಿಲ್ಲ. ಹೇಳಿದವನು ನಾನು.

ಗಂಗಾವತಿಯಲ್ಲಿ ಚಷ್ಮಾದ ಅಂಗಡಿಯನ್ನು ಕೈಯಾರೆ ಕಟ್ಟಿದವನು ನಾನು. ಚೌಕಾಸಿಯಲ್ಲಿ ಯಾರಿಗೂ ಸೋತವನಲ್ಲ. ಆನೆಗೊಂದಿಯಿಂದ ಬಂದು ಬಾಳೆಹಣ್ಣು ಮಾರುವ ನೀವು, ಐದನೆಯ ತರಗತಿಯ ರೇಣುಕಾಳನ್ನು ಕರೆದುಕೊಂಡು ಡಾಕ್ಟರರ ಚೀಟಿಯೊಂದಿಗೆ ಬಂದ ದಿನ ಸೋತೆ.

"ಏನ್ರೀ ಸಾವುಕಾರ್ರ, ಎರಡು ಚೂರು ಗಾಜಿಗೆ ಇಷ್ಟು ರೊಕ್ಕ? ನನ್ ಮಗಳ ಮೂಗಿಗೆ ಕಿಡಕಿ ಕೂಡಸ್ತೀರೇನು?"

ಗಿರಾಕಿಗಳೆಲ್ಲ ನಕ್ಕರು. ನಾನೂ ನಕ್ಕು ನೀವು ಕೇಳಿದ ದರಕ್ಕೇ ಒಪ್ಪಿದೆ. ಒಳಗೆ ಮಾತ್ರ ಉರಿಯುತ್ತಿತ್ತು — ಈ ಹೆಂಗಸಿಗೆ ಪಾಠ ಕಲಿಸಬೇಕು.

ಚೀಟಿಯಲ್ಲಿ ಸಿಲಿಂಡರ್ ನಂಬರ್ ಇತ್ತು — ಕಣ್ಣಿನ ಗುಡ್ಡೆಯ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದವರಿಗೆ ಬರೆಯುವ ನಂಬರ್. ಆ ದೋಷವಿದ್ದರೆ ಅಕ್ಷರದ ಒಂದು ಗೆರೆ ನಿಚ್ಚಳ, ಇನ್ನೊಂದು ಮಸುಕು. ಅದಕ್ಕೆ ಬೇರೆಯದೇ ಗಾಜು ತರಿಸಿ, ಕೋನ ನೋಡಿ ಕೂರಿಸಬೇಕು. ನಾನು ಕಪಾಟಿನಲ್ಲಿದ್ದ ಸಾದಾ ಗಾಜು ಹಾಕಿಕೊಟ್ಟೆ. ಗೊತ್ತಿದ್ದೇ — ಕೈತಪ್ಪಿ ಅಲ್ಲ.

ಕೆಲವೇ ದಿನಗಳಲ್ಲಿ ನೀವಿಬ್ಬರೂ ಮರಳಿ ಬಂದಿರಿ. ರೇಣುಕಾ ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

"ಕಾಕಾ, ಬೋರ್ಡಿನ ಮ್ಯಾಲೆ ಮೂರು ಯಾವ್ದು, ಎಂಟು ಯಾವ್ದು ತಿಳಿವಲ್ದು. ತಲಿ ನೋಯ್ತೈತ್ರಿ."

ಆಗಲಾದರೂ ಗಾಜು ಬದಲಿಸಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ:

"ಇದು ಕಣ್ಣಿನ ದೋಷ ಅಲ್ಲಕ್ಕಾ, ಚಾಳಿ. ಮೊಬೈಲ್ ನೋಡಿ ನೋಡಿ ಹಿಂಗಾಗ್ಯದ. ಚಾಳೀಸು ನಾ ಕೊಟ್ಟೀನಿ, ಚಾಳಿ ನೀವು ಬಿಡಸ್ರಿ."

"ನಮ್ಮ ಮೊಬೈಲ್‌ನ್ಯಾಗ ಚಿತ್ರನ ಬರಂಗಿಲ್ಲ ಕಾಕಾ," ಅಂದಳು.

"ಹಂಗಾರ ನೆರೆಮನೀದು ನೋಡ್ತಿರಬೇಕು."

ನೀವು ಅಲ್ಲೇ ಅವಳ ಬೆನ್ನಿಗೆ ಗುದ್ದಿದಿರಿ. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ — ಸಮಾಧಾನವೇ ಆಯಿತು.

ಆಮೇಲೆ ಸಂತೆಯಲ್ಲಿ ಎಷ್ಟೋ ಸಲ ಕಂಡೆ: ಅವಳು ಪುಸ್ತಕಕ್ಕೆ ತಲೆ ವಾಲಿಸುವುದು, ನೀವು "ತಲಿ ನೆಟ್ಟಗಿಡು!" ಎಂದು ಬಾರಿಸುವುದು. ವಸತಿ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಅವಳು ಲೆಕ್ಕಗಳ ಅಂಕಿಗಳನ್ನೇ ತಪ್ಪಾಗಿ ಓದಿಕೊಂಡು ಬಂದಳು, ಸೀಟು ಹೋಯಿತು. "ಓದಂಗಿಲ್ರೀ, ಬರೇ ನಾಟಕ," ಎಂದು ನೀವು ನನ್ನೆದುರೇ ಅತ್ತಿರಿ. ನಾನು — ಹಣ್ಣು ಆರಿಸುತ್ತ ನಿಂತಿದ್ದೆ.

ಮಗು ಕಣ್ಣು ಕಿರಿದು ಮಾಡಿದರೆ ಹೊಡೆಯಬೇಡಿ, ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಎಂದು ಈಗ ಎಲ್ಲ ತಂದೆತಾಯಿಗಳಿಗೂ ಹೇಳುತ್ತೇನೆ. ಹೇಳಬೇಕಾದವರಿಗೆ ಹೇಳದವನ ಬುದ್ಧಿಮಾತು!

ಹೋದ ವಾರ ರೇಣುಕಾ ಅಂಗಡಿಗೆ ಬಂದಿದ್ದಳು. ಈಗ ಕಾಲೇಜು ಹುಡುಗಿ. ತಾನೇ ಬೇರೆಡೆ ಮಾಡಿಸಿಕೊಂಡ ಚಷ್ಮಾ, ನೆಟ್ಟಗಿನ ತಲೆ. ನಾನು ಅಂದು ಕೊಟ್ಟಿದ್ದ ಹಳೆಯ ಚಷ್ಮಾವನ್ನು ಮೇಜಿನ ಮೇಲೆ ಕುಕ್ಕಿದಳು. ತಪ್ಪಾಯ್ತವ್ವಾ, ಅಂದೆ.

"ನನಗ್ಯಾಕ ಹೇಳ್ತೀರಿ? ನನಗ ಅವತ್ತ ಗೊತ್ತಿತ್ತು. ಅವ್ವಗ ಹೇಳ್ರಿ. ನಾ ತಲಿನೋವು ಅಂದ್ರ ಆಕಿ ಇವತ್ತಿಗೂ ನಂಬಂಗಿಲ್ಲ."

ಕ್ಷಮಿಸಿ ಅನ್ನುವುದಿಲ್ಲ, ಹುಲಿಗೆಮ್ಮ. ನಿಮ್ಮ ಮೇಲಿನ ನನ್ನ ಸಿಟ್ಟು ಪೂರ್ತಿ ಇಳಿದಿದೆ ಎಂದೂ ಅಲ್ಲ. ನಾಳೆ ನಿಮ್ಮ ಬುಟ್ಟಿಯೆದುರು ನಿಂತು ಇದಿಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಬೈಯಿರಿ, ಉಗಿಯಿರಿ. ಆದರೆ ಮನೆಗೆ ಹೋದ ಮೇಲೆ ಅವಳು ತಲೆನೋವು ಅಂದರೆ — ನಂಬಿ.